ಗುಡ್ಡಗಾಡಿನ ರಾಡಾರ್ ಚಿತ್ರ: ಟೆರೇನ್ ಕರೆಕ್ಷನ್ ಆದ ಮೇಲೂ ಇಳಿಜಾರಿನ ಪ್ರಭಾವ ಉಳಿಯುವುದೇಕೆ?

ಪ್ರಶ್ನೆ

ಮಡಿಕೇರಿ ಸುತ್ತಲಿನ ಕಾಡನ್ನೂ ಮರದ ನೆರಳಿನಲ್ಲಿ ಬೆಳೆಯುವ ಕಾಫಿ ತೋಟಗಳನ್ನೂ ಬೇರೆ ಬೇರೆಯಾಗಿ ಗುರುತಿಸಲು ಸೆಂಟಿನೆಲ್-1 ರಾಡಾರ್ ಉಪಗ್ರಹದ ಜಿಆರ್‌ಡಿ (ಮರಳಿದ ಸಂಕೇತದ ಬಲವನ್ನಷ್ಟೇ ತೋರಿಸುವ, ನೆಲದ ದೂರಕ್ಕೆ ಹೊಂದಿಸಿದ) ಚಿತ್ರಗಳನ್ನು ಬಳಸುತ್ತಿದ್ದೇನೆ. ಎಲ್ಲವೂ ಉಪಗ್ರಹವು ಬೆಳಗಿನ ಹೊತ್ತು ಉತ್ತರದಿಂದ ದಕ್ಷಿಣಕ್ಕೆ ಸಾಗುವಾಗ ತೆಗೆದವು. ಉಪಗ್ರಹ ಚಿತ್ರಗಳನ್ನು ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶದಲ್ಲಿ ಕ್ಯಾಲಿಬ್ರೇಶನ್ (ಪಿಕ್ಸೆಲ್ ಮೌಲ್ಯವನ್ನು ರಾಡಾರ್ ಸಂಕೇತದ ಅಳತೆಗೆ ಬದಲಿಸುವುದು) ಮಾಡಿ, ಎಸ್‌ಆರ್‌ಟಿಎಂ ಎತ್ತರದ ಮಾದರಿಯೊಂದಿಗೆ (ನೆಲದ ಎತ್ತರದ ಡಿಜಿಟಲ್ ನಕ್ಷೆ) ರೇಂಜ್ ಡಾಪ್ಲರ್ ಟೆರೇನ್ ಕರೆಕ್ಷನ್ (ನೆಲದ ಏರಿಳಿತಕ್ಕೆ ತಕ್ಕಂತೆ ಚಿತ್ರವನ್ನು ನಕ್ಷೆಗೆ ಹೊಂದಿಸುವುದು) ಮುಗಿಸಿದ ಮೇಲೆ ಹೊಳೆ, ರಸ್ತೆಗಳು ನಕ್ಷೆಗೆ ಚೆನ್ನಾಗಿ ಹೊಂದುತ್ತವೆ. ಆದರೆ ಒಂದೇ ಬೆಟ್ಟದ ಪೂರ್ವದ ಮಗ್ಗುಲು ಬೆಳ್ಳಗೂ ಪಶ್ಚಿಮದ ಮಗ್ಗುಲು ಕಪ್ಪಗೂ ಉಳಿದಿದ್ದು, ವರ್ಗೀಕರಣವು ಒಂದೇ ಕಾಡನ್ನು ಎರಡು ಬಗೆಯ ಸಸ್ಯವರ್ಗವೆಂದು ತೋರಿಸುತ್ತಿದೆ. ಇದಕ್ಕೆ ಪರಿಹಾರವೇನು?

ಉತ್ತರ 1

ನೀವು ಮಾಡಿರುವುದು ಸ್ಥಾನದ ತಿದ್ದುಪಡಿ. ಹೊಳಪಿನ ತಿದ್ದುಪಡಿ ಇನ್ನೂ ಆಗಿಲ್ಲ. ರಾಡಾರ್ ಓರೆಯಾಗಿ ನೋಡಿ ದೂರವನ್ನಷ್ಟೇ ಅಳೆಯುವುದರಿಂದ ಎತ್ತರದ ಜಾಗಗಳು ಚಿತ್ರದಲ್ಲಿ ಉಪಗ್ರಹದ ಕಡೆಗೆ ಸರಿದು ಕೂರುತ್ತವೆ. ಪತನ ಕೋನ (ರಾಡಾರ್ ಕಿರಣ ಲಂಬರೇಖೆಯೊಂದಿಗೆ ಮಾಡುವ ಕೋನ) 39 ಡಿಗ್ರಿ ಇದ್ದರೆ, ಸುತ್ತಲಿನ ನೆಲಕ್ಕಿಂತ 1,000 ಮೀಟರ್ ಎತ್ತರದ ಶಿಖರವೊಂದು ಸುಮಾರು 1.2 ಕಿ.ಮೀ. ಪಕ್ಕಕ್ಕೆ ಹೋಗಿರುತ್ತದೆ. ರೇಂಜ್ ಡಾಪ್ಲರ್ ವಿಧಾನ ಅದನ್ನು ಸ್ವಸ್ಥಾನಕ್ಕೆ ತಂದಿದೆ, ಅಷ್ಟೇ.

ಹೊಳಪಿನ ವಿಷಯ ಬೇರೆ. ಉಪಗ್ರಹವು ದಕ್ಷಿಣಕ್ಕೆ ಸಾಗುತ್ತಾ ತನ್ನ ಬಲಕ್ಕೆ, ಅಂದರೆ ಪಶ್ಚಿಮಕ್ಕೆ ನೋಡುವುದರಿಂದ ಪೂರ್ವದ ಮಗ್ಗುಲು ಅದಕ್ಕೆ ಎದುರಾಗಿರುತ್ತದೆ. ಎದುರಿನ ಇಳಿಜಾರಿನಲ್ಲಿ ಹೆಚ್ಚು ನೆಲ ಒಂದೇ ಪಿಕ್ಸೆಲ್‌ನೊಳಗೆ ಅಡಕವಾಗುತ್ತದೆ, ಹಿಂಬದಿಯಲ್ಲಿ ಕಡಿಮೆ. 20 ಡಿಗ್ರಿ ಇಳಿಜಾರಿಗೆ ಲೆಕ್ಕ ಹಾಕಿದರೆ ಸ್ಥಳೀಯ ಪತನ ಕೋನ (ಇಳಿಜಾರಿನ ಮೇಲ್ಮೈಗೆ ಹೋಲಿಸಿ ಅಳೆದದ್ದು) ಎದುರಿನ ಬದಿಯಲ್ಲಿ 19, ಹಿಂಬದಿಯಲ್ಲಿ 59 ಡಿಗ್ರಿ ಆಗಿ, ಎರಡೂ ಕಡೆ ಒಂದೇ ಕಾಡಿದ್ದರೂ ಮರಳಿ ಬರುವ ಸಂಕೇತದಲ್ಲಿ ಹತ್ತಿರ ಹತ್ತಿರ 7 ಡೆಸಿಬೆಲ್, ಅಂದರೆ ಸುಮಾರು ಐದು ಪಟ್ಟು ವ್ಯತ್ಯಾಸ ಬರುತ್ತದೆ. ಇಷ್ಟು ದೊಡ್ಡ ವ್ಯತ್ಯಾಸದ ಮುಂದೆ ಕಾಡು ಮತ್ತು ತೋಟದ ನಡುವಿನ ಅಂತರ ಕಾಣುವಂತೆಯೇ ಇಲ್ಲ.

ಡೇವಿಡ್ ಸ್ಮಾಲ್ ಅವರು 2011ರಲ್ಲಿ ವಿವರಿಸಿದ ವಿಧಾನವು, ಎತ್ತರದ ಮಾದರಿಯ ಪ್ರತಿಯೊಂದು ತುಣುಕೂ ರಾಡಾರಿಗೆ ಎಷ್ಟು ವಿಸ್ತಾರವಾಗಿ ಕಾಣುತ್ತದೆ ಎಂಬುದನ್ನು ಕೂಡಿಸಿ, ಆ ವಿಸ್ತೀರ್ಣದಿಂದ ಸಂಕೇತವನ್ನು ಭಾಗಿಸುತ್ತದೆ. ಸ್ನ್ಯಾಪ್‌ನಲ್ಲಿ ಅದೇ ಟೆರೇನ್ ಫ್ಲಾಟನಿಂಗ್. ಕ್ಯಾಲಿಬ್ರೇಶನ್‌ನಲ್ಲಿ ಸಿಗ್ಮಾ ನಾಟ್ (ಸಮತಟ್ಟು ನೆಲದ ವಿಸ್ತೀರ್ಣದಿಂದ ಭಾಗಿಸಿದ ಸಂಕೇತ) ಬದಲು ಬೀಟಾ ನಾಟ್ (ರಾಡಾರಿನ ಓರೆ ದೂರದ ಸಮತಲದ ವಿಸ್ತೀರ್ಣದಿಂದ ಭಾಗಿಸಿದ್ದು) ಆಯ್ಕೆ ಮಾಡಿ, ಫ್ಲಾಟನಿಂಗ್ ನಡೆಸಿ, ಅದರಿಂದ ದೊರೆಯುವ ಗಾಮಾ ನಾಟ್ (ಕಿರಣಕ್ಕೆ ಲಂಬವಾದ ವಿಸ್ತೀರ್ಣದಿಂದ ಭಾಗಿಸಿದ) ಚಿತ್ರಕ್ಕೆ ಟೆರೇನ್ ಕರೆಕ್ಷನ್ ಮಾಡಿ. ಈ ಕ್ರಮ ತಪ್ಪಬಾರದು.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ. ಅದರ ಮಿತಿಯನ್ನೂ ತಿಳಿದಿರುವುದು ಒಳ್ಳೆಯದು. ಎದುರಿನ ಇಳಿಜಾರು ಪತನ ಕೋನಕ್ಕಿಂತ ಕಡಿದಾದರೆ ಶಿಖರದ ಸಂಕೇತ ಬುಡದ ಸಂಕೇತಕ್ಕಿಂತ ಮೊದಲೇ ತಲುಪಿ ಒಂದರ ಮೇಲೊಂದು ಬೀಳುತ್ತದೆ. ಈ ಲೇಓವರ್ ಜಾಗಗಳನ್ನು ಯಾವ ಭಾಗಾಕಾರವೂ ಬಿಡಿಸಲಾರದು. ಮಾಸ್ಕ್ ಮಾಡಿ ಕೈಬಿಡಬೇಕು. ಪಶ್ಚಿಮ ಘಟ್ಟದ ಮಟ್ಟಿಗೆ ನಿಮ್ಮ ಬೆಳಗಿನ ಚಿತ್ರಗಳು ಅನುಕೂಲಕರ, ಏಕೆಂದರೆ ಕರಾವಳಿಯ ಕಡೆಗಿನ ಕಡಿದಾದ ಇಳಿಜಾರು ರಾಡಾರಿಗೆ ಹಿಂಬದಿಯಾಗುತ್ತದೆ. 39 ಡಿಗ್ರಿ ಕೋನದಲ್ಲಿ ಅಲ್ಲಿ ಪೂರ್ಣ ನೆರಳು ಬೀಳಲು ಇಳಿಜಾರು 51 ಡಿಗ್ರಿ ಮೀರಬೇಕು.

ಎತ್ತರದ ಮಾದರಿಯನ್ನೂ ಬದಲಿಸಿ ನೋಡಿ. ಎಸ್‌ಆರ್‌ಟಿಎಂ 2000ದ ಫೆಬ್ರವರಿಯಲ್ಲಿ ಅಳೆದದ್ದು. 30 ಮೀಟರಿನ ಕೊಪರ್ನಿಕಸ್ ಮಾದರಿ ಅದಕ್ಕಿಂತ ಈಚಿನದು. ಫ್ಲಾಟನಿಂಗ್ ಆದ ಮೇಲೂ ಬೆಟ್ಟದ ಏಣಿನುದ್ದಕ್ಕೂ ತೆಳ್ಳನೆಯ ಬಿಳಿ ಗೆರೆಗಳು ಉಳಿದರೆ ಮೊದಲು ಅನುಮಾನಿಸಬೇಕಾದದ್ದು ಎತ್ತರದ ಮಾಹಿತಿಯನ್ನೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಫ್ಲಾಟನಿಂಗ್ ನಂತರ ಎರಡೂ ಮಗ್ಗುಲುಗಳು ಬಹುಮಟ್ಟಿಗೆ ಒಂದೇ ಛಾಯೆಗೆ ಬಂದಿವೆ. 2018ರ ಆಗಸ್ಟ್‌ನ ಭೂಕುಸಿತದ ಜಾಗಗಳನ್ನು ಹಿಂದಿನ ಮತ್ತು ಮುಂದಿನ ಚಿತ್ರಗಳಿಂದ ಗುರುತಿಸುವುದಕ್ಕೂ ಇದು ಬೇಕೇ?

ಉತ್ತರ 3

ಎರಡೂ ಚಿತ್ರಗಳು ಒಂದೇ ಸಾಪೇಕ್ಷ ಕಕ್ಷೆಯವಾಗಿದ್ದರೆ (ಉಪಗ್ರಹ ಮತ್ತೆ ಮತ್ತೆ ಸಾಗುವ ಅದೇ ಹಾದಿಯಿಂದ ತೆಗೆದವಾಗಿದ್ದರೆ) ಇಳಿಜಾರಿನ ಪ್ರಭಾವ ಎರಡರಲ್ಲೂ ಸಮನಾಗಿದ್ದು, ಅನುಪಾತ ತೆಗೆದಾಗ ತಾನಾಗಿಯೇ ಕಳೆದುಹೋಗುತ್ತದೆ. ಇಂಥ ಹೋಲಿಕೆಯಲ್ಲಿ ಬೇರೆ ಬೇರೆ ಕಕ್ಷೆಗಳ ಚಿತ್ರಗಳನ್ನು ಬೆರೆಸುವಾಗ ಮಾತ್ರ ಫ್ಲಾಟನಿಂಗ್ ಅನಿವಾರ್ಯ. ಗೂಗಲ್ ಅರ್ಥ್ ಎಂಜಿನ್‌ನ ಸೆಂಟಿನೆಲ್-1 ಸಂಗ್ರಹ ಬಳಸುವವರೂ ಗಮನಿಸಬೇಕು: ಅಲ್ಲಿಯೂ ಸ್ಥಾನದ ತಿದ್ದುಪಡಿ ಆಗಿರುತ್ತದೆ, ಹೊಳಪಿನದು ಆಗಿರುವುದಿಲ್ಲ.

ಕಾಫಿ ತೋಟದ ಬಗ್ಗೆ ಒಂದು ಮಾತು. ಸೆಂಟಿನೆಲ್-1ರ ತರಂಗಾಂತರ ಸುಮಾರು 5.6 ಸೆಂ.ಮೀ.; ಅದು ಹೆಚ್ಚಾಗಿ ಮರಗಳ ಮೇಲ್ತುದಿಯ ಎಲೆ, ರೆಂಬೆಗಳಿಂದಲೇ ಮರಳುತ್ತದೆ. ದಟ್ಟ ನೆರಳಿನ ತೋಟವೂ ಕಾಡೂ ಅದಕ್ಕೆ ಹೋಲುವಂತೆ ಕಾಣುವುದು ಸಹಜ, ತಿದ್ದುಪಡಿ ಎಷ್ಟೇ ಅಚ್ಚುಕಟ್ಟಾಗಿದ್ದರೂ. 2025ರ ಜುಲೈ 30ರಂದು ಉಡಾವಣೆಯಾದ, ನಾಸಾ ಮತ್ತು ಇಸ್ರೋಗಳ ಜಂಟಿ ರಾಡಾರ್ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ತರಂಗಾಂತರ ಸುಮಾರು 24 ಸೆಂ.ಮೀ. ಇರುವುದರಿಂದ ಅದು ಎಲೆಯ ಹೊದಿಕೆಯನ್ನು ದಾಟಿ ಕೊಂಬೆ, ಕಾಂಡಗಳವರೆಗೆ ಇಳಿಯಬಲ್ಲದು. ನಿಮ್ಮ ಅಧ್ಯಯನಕ್ಕೆ ಅದರ ಚಿತ್ರಗಳನ್ನೂ ಸೇರಿಸಿಕೊಳ್ಳಿ.