ಇಟಾಲಿಯನ್ ಕ್ರಿಯಾರೂಪಗಳ ‘ಒತ್ತು’: ಕನ್ನಡದಲ್ಲಿ ಏನೆನ್ನಬೇಕು, ಹೇಗೆ ಬರೆಯಬೇಕು?

ಇಟಾಲಿಯನ್ನಿನಲ್ಲಿ ‘ಮಾತಾಡುತ್ತೇನೆ’ ಎನ್ನಲು ‘ಪರ್ಲೊ’, ‘ಮಾತಾಡುತ್ತೇವೆ’ ಎನ್ನಲು ‘ಪರ್ಲ್ಯಾಮೊ’, ‘ಮಾತಾಡುತ್ತಾರೆ’ ಎನ್ನಲು ‘ಪರ್ಲನೊ’ ಎಂಬ ರೂಪಗಳಿವೆ. ಎರಡನೆಯದರಲ್ಲಿ ಒತ್ತು, ಅಂದರೆ ಪದವನ್ನು ನುಡಿಯುವಾಗ ಅದರ ಒಂದು ಭಾಗಕ್ಕೆ ಕೊಡುವ ಹೆಚ್ಚಿನ ಬಲ (ಒತ್ತಕ್ಷರವಲ್ಲ), ಪ್ರತ್ಯಯದ ‘ಲ್ಯಾ’ ಮೇಲೆ ಬೀಳುತ್ತದೆ. ಉಳಿದೆರಡರಲ್ಲಿ ಅದು ಧಾತುವಿನ ‘ಪರ್’ ಬಿಟ್ಟು ಕದಲುವುದಿಲ್ಲ. ಆ ಭಾಷೆಯ ಬಹುಪಾಲು ಪದಗಳಲ್ಲಿ ಒತ್ತು ಕೊನೆಯಿಂದ ಎರಡನೆಯ ಉಚ್ಚಾರಣಾ ಭಾಗದ ಮೇಲಿರುವುದರಿಂದ, ಹೊಸದಾಗಿ ಕಲಿಯುವವರು ಮೂರನೆಯದನ್ನೂ ‘ಪರ್ಲಾನೊ’ ಎಂದು ಎಳೆದುಬಿಡುತ್ತಾರೆ.

ಮೂರನೆಯದರಲ್ಲಿ ಒತ್ತು ಹೀಗೆ ಹಿಂದೆಯೇ ಉಳಿಯಲು ಕಾರಣ ಇಟಾಲಿಯನ್ನಿನ ಮೂಲವಾದ ಲ್ಯಾಟಿನ್ನಿನಲ್ಲಿದೆ. ‘ಪ್ರೀತಿಸುತ್ತಾರೆ’ ಎಂಬ ಅರ್ಥದ ‘ಅಮಂತ್’ ಎಂಬ ಲ್ಯಾಟಿನ್ ರೂಪದ ಜಾಗದಲ್ಲಿ ಇಟಾಲಿಯನ್ನಿನಲ್ಲಿ ‘ಆಮನೊ’ ಬಂದಾಗ ಕೊನೆಯಲ್ಲೊಂದು ಸ್ವರ ಹೆಚ್ಚಾಯಿತು, ಆದರೆ ಒತ್ತು ಇದ್ದಲ್ಲೇ ಉಳಿಯಿತು. ಹೀಗಾಗಿ ‘ವಾಸಿಸುತ್ತಾರೆ’ ಎನ್ನುವ ‘ಆಬಿತನೊ’ ರೂಪದಲ್ಲಿ ಒತ್ತು ಕೊನೆಯಿಂದ ನಾಲ್ಕನೆಯ ಸ್ಥಾನಕ್ಕೆ ಹೋಗಿದೆ. ‘ಕಾಪಿತನೊ’ ಎಂದರೆ ‘ಸಂಭವಿಸುತ್ತವೆ’, ‘ಕಪಿತಾನೊ’ ಎಂದರೆ ದಳಪತಿ. ಒತ್ತನ್ನು ಕೊನೆಯ ‘ನೊ’ ಮೇಲಿಟ್ಟರೆ ‘ಮುಂದಾಳಾಗಿ ನಡೆಸಿದನು’. ಅಕ್ಷರಗಳೆಲ್ಲ ಅವೇ. ಇಟಾಲಿಯನ್ ಬರಹದಲ್ಲಿ ಒತ್ತಿನ ಗುರುತು ಕಡ್ಡಾಯವಾಗುವುದು ಕೊನೆಯ ಸ್ವರ ಒತ್ತನ್ನು ಪಡೆದಾಗ ಮಾತ್ರ.

ಕನ್ನಡ ಲಿಪಿಯಲ್ಲಿ ನಾನು ಒತ್ತನ್ನು ದೀರ್ಘದಿಂದ ಸೂಚಿಸುತ್ತ ಬಂದಿದ್ದೇನೆ. ಪದದ ನಡುವೆ ಸ್ವರಾಂತವಾದ ಭಾಗಕ್ಕೆ ಒತ್ತು ಬಿದ್ದಾಗ ಅಲ್ಲಿಯ ಸ್ವರ ನಿಜಕ್ಕೂ ನೀಳವಾಗುವುದರಿಂದ ಅದು ತಕ್ಕಮಟ್ಟಿಗೆ ಸರಿ. ಆದರೆ ಪದಾಂತ್ಯದ ಸ್ವರ ಒತ್ತು ಬಿದ್ದರೂ ನೀಳವಾಗದು. ಆದ್ದರಿಂದ ‘ಮಾತಾಡುತ್ತೇನೆ’ ಎನ್ನುವ ರೂಪ ಮತ್ತು ಕೊನೆಯ ಸ್ವರಕ್ಕೆ ಒತ್ತಿರುವ ‘ಮಾತಾಡಿದನು’ ಎನ್ನುವ ರೂಪ ಎರಡೂ ನಮ್ಮಲ್ಲಿ ‘ಪರ್ಲೊ’ ಆಗಿಬಿಡುತ್ತವೆ.

ಪದವಿಭಜನೆಯಲ್ಲೂ ತೊಡಕಿದೆ. ‘ಓದುತ್ತೇನೆ’ ಎನ್ನುವ ‘ಲೆಗ್ಗೊ’ವನ್ನು ಇಟಾಲಿಯನ್ನರು ಬರಹದಲ್ಲಿ ‘ಲೆಗ್-ಗೊ’ ಎಂದು ಒಡೆಯುತ್ತಾರೆ. ‘ಅರ್ಥಮಾಡಿಕೊಳ್ಳುತ್ತೇನೆ’ ಎನ್ನುವ ‘ಕಪಿಸ್ಕೊ’ವನ್ನು ಮಾತ್ರ ನಮ್ಮ ಅಕ್ಷರಗಳಂತೆಯೇ ‘ಕ-ಪಿ-ಸ್ಕೊ’ ಎಂದು ಬಿಡಿಸುತ್ತಾರೆ. ಆದರೂ ಅಲ್ಲಿ ಒತ್ತು ಪಡೆದ ‘ಪಿ’ ನೀಳವಾಗುವುದಿಲ್ಲ, ಅಂದರೆ ಕಿವಿಗೆ ಸಕಾರವು ಹಿಂದಿನ ಭಾಗವನ್ನೇ ಮುಚ್ಚುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದು ಎಣಿಸುವ ನಮ್ಮ ಛಂದಸ್ಸು ಈ ಉಚ್ಚಾರಣೆಯನ್ನು ಅವರ ಬರಹದ ನಿಯಮಕ್ಕಿಂತ ಚೆನ್ನಾಗಿ ವಿವರಿಸುತ್ತದೆಂದು ನನ್ನ ಭಾವನೆ.

ಇನ್ನು ಪದದ ಪ್ರಶ್ನೆ. ‘ಲೆಗ್ಗೊ’ದಲ್ಲಿ ಒತ್ತು ಎಲ್ಲಿದೆ ಎಂದು ಕೇಳಿದರೆ ಕನ್ನಡ ಶಾಲೆಯಲ್ಲಿ ಕಲಿತ ಯಾರಾದರೂ ‘ಗ್ಗೊ’ವನ್ನೇ ತೋರಿಸುತ್ತಾರೆ, ಏಕೆಂದರೆ ನಮಗೆ ಒತ್ತು ಎಂದರೆ ಒತ್ತಕ್ಷರ, ನಿಜವಾದ ಒತ್ತಿರುವುದು ‘ಲೆಗ್’ ಮೇಲೆ. ‘ಬಲಾಘಾತ’ ಎಂದರೆ ಈ ಗೊಂದಲವಿಲ್ಲ, ಆದರೆ ಕಲಿಯುವವರಿಗೆ ಅದು ಭಾರವಾದ ಪದ. ಪಾಠ ಹೇಳುವಾಗ ನೀವು ಯಾವ ಪದವನ್ನು ಬಳಸುತ್ತೀರಿ, ಎರಡು ‘ಪರ್ಲೊ’ಗಳನ್ನು ಬರಹದಲ್ಲಿ ಹೇಗೆ ಬೇರ್ಪಡಿಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.