ಜಕ್ಕಿಯಬ್ಬೆಯ ಜಾತಕ

ಉತ್ತರಾಷಾಢದ ಮೂರನೆಯ ಪಾದದಲ್ಲಿ ಹುಟ್ಟಿದ ಮೊಮ್ಮಗಳಿಗೆ ‘ಜ’ದಿಂದ ಆರಂಭವಾಗುವ, ಇಡೀ ಬಡಾವಣೆಯಲ್ಲಿ ಮತ್ತೊಬ್ಬರಿಗಿರದ ಹೆಸರೇ ಬೇಕೆಂದು ಸೊಸೆ ಹಟ ಹಿಡಿದಿದ್ದಾಳೆಂದು ಹೇಳುತ್ತಾ ನಮ್ಮ ರಾಯರು ಚುರುಮುರಿಯ ಪೊಟ್ಟಣವನ್ನೇ ಬಿಚ್ಚಿ ಪಟ್ಟಿ ಬರೆಯಲು ಕುಳಿತರು. ಮೊಬೈಲಿನಲ್ಲಿ ಸಿಕ್ಕ ಹೆಸರುಗಳಿಗೆಲ್ಲ ‘ದೇವರ ಕೊಡುಗೆ’ ಎಂಬ ಒಂದೇ ಅರ್ಥ ಬರೆದಿತ್ತಂತೆ.

“ಜಕ್ಕಿಯಬ್ಬೆ ಎಂದಿಡಿ” ಎಂದರು, ನಿವೃತ್ತರಾದರೂ ಪಾಠ ಬಿಡದ ನಮ್ಮ ಕನ್ನಡ ಮೇಷ್ಟ್ರು.

“ಜಾಕಿ ಗೊತ್ತು, ಜಾಕೀಟು ಗೊತ್ತು. ಇದು ಯಾವ ಸಾಮಾನು ಮೇಷ್ಟ್ರೇ?”

“ಜಕ್ಕವಕ್ಕಿಯ ಹೆಂಡತಿಯಿರಬೇಕು” ಎಂದು ನಾನು ಪಾಂಡಿತ್ಯ ತೋರಿಸಹೋದೆ. ಅದು ಚಕ್ರವಾಕದಿಂದ ಬಂದ ಹಕ್ಕಿ, ಇದು ಯಕ್ಷಿಯಿಂದ ಬಂದ ಜಕ್ಕಿ ಎಂದು ಮೇಷ್ಟ್ರು ನನ್ನನ್ನು ಅಲ್ಲೇ ಕೂರಿಸಿದರು. ಯಾತ್ರೆ ಜಾತ್ರೆಯಾಗುವಂತೆ, ಯೋಗಿ ಜೋಗಿಯಾಗುವಂತೆ, ಅಕ್ಷರ ಅಕ್ಕರವಾಗುವಂತೆ ಯಕ್ಷಿ ಜಕ್ಕಿಯಾಗಿದ್ದಾಳೆ. ಸಾಕ್ಷಾತ್ ಯಮನೇ ಕನ್ನಡಕ್ಕೆ ಬಂದು ಜವನಾದ ಮೇಲೆ ಪಾಪ, ಯಕ್ಷಿಯ ಪಾಡೇನು ಎಂಬುದು ಅವರ ವಾದ.

ರಾಯರ ಮುಖ ಸಪ್ಪಗಾಯಿತು. ಹುಣಸೆಮರದ ಜಕ್ಕಿಣಿಯ ಹೆಸರು ಹೇಳಿಯೇ ಅವರ ತಾಯಿ ಅವರಿಗೆ ಅನ್ನ ತಿನ್ನಿಸುತ್ತಿದ್ದರಂತೆ; ಈಗ ಆ ದೆವ್ವವನ್ನೇ ತೊಟ್ಟಿಲಿಗೆ ಹಾಕುವುದೇ? ಜೈನರು ಪೂಜಿಸುವ ಹೊಂಬುಜದ ಪದ್ಮಾವತಿಯೂ ಯಕ್ಷಿಯೇ, ನರಸಿಂಹರಾಜಪುರದ ಜ್ವಾಲಾಮಾಲಿನಿಯೂ ಯಕ್ಷಿಯೇ, ಭಕ್ತರು ಕೈಮುಗಿಯುವ ದೇವತೆ ಹುಣಸೆಮರಕ್ಕೆ ಹೋದದ್ದು ನಮ್ಮ ಅಜ್ಜಿಯರ ಕೃಪೆಯಿಂದ ಎಂದು ಮೇಷ್ಟ್ರು ಸಮಾಧಾನ ಹೇಳಿದರು.

ಧಾರವಾಡದ ಗೆಳೆಯನಿಗೆ ಅಷ್ಟರಲ್ಲಿ ತನ್ನ ಓಣಿ ನೆನಪಾಯಿತು. ಮಾತಿಗೊಂದು ಏಟಿನಂತೆ ಜೋಳದ ರೊಟ್ಟಿ ಬಡಿಯುತ್ತಾ, ಹಿಟ್ಟಿನ ಕೈಯಲ್ಲೇ ಹುಡುಗರ ಕಿವಿ ಹಿಂಡುತ್ತಿದ್ದ ಜಕ್ಕವ್ವನ ಹೆಸರೂ ಇದೇ ಅಲ್ಲವೇ ಎಂದ. ಅಬ್ಬೆಯೆಂದರೂ ಅವ್ವನೆಂದರೂ ತಾಯಿಯೇ; ದಕ್ಷಿಣ ಕನ್ನಡದ ಹವ್ಯಕರ ಮನೆಗಳಲ್ಲಿ ಇಂದಿಗೂ ತಾಯಿಯನ್ನು ಅಬ್ಬೆಯೆಂದೇ ಕರೆಯುತ್ತಾರೆ. ಹನ್ನೊಂದು ದಿನದ ಕೂಸನ್ನು ಅಬ್ಬೆಯೆನ್ನುವುದು ಹೇಗೆಂದು ರಾಯರು ಕೇಳಿದರಾದರೂ, ಬೆಳಗ್ಗೆಯಷ್ಟೇ “ಅಳಬೇಡ ನನ್ನಮ್ಮ” ಎಂದು ಅದನ್ನೇ ರಮಿಸಿ ಬಂದಿದ್ದವರು ಅವರೇ.

“ಹೆಸರಿಟ್ಟುಕೊಂಡವರಲ್ಲಿ ಯಾರಾದರೂ ಉದ್ಧಾರವಾಗಿದ್ದಾರೆಯೇ?”

ಮೇಷ್ಟ್ರು ಕಾಯುತ್ತಿದ್ದದ್ದು ಈ ಪ್ರಶ್ನೆಗೇ. 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಎಪ್ಪತ್ತು ಹಳ್ಳಿಗಳ ನಾಡಾದ ನಾಗರಖಂಡ-70ರ ನಾಳ್ಗಾವುಂಡನಾಗಿದ್ದ, ಎಂದರೆ ನಾಡಿನ ಆಡಳಿತ ನೋಡುವ ಮುಖ್ಯಸ್ಥನಾಗಿದ್ದ ನಾಗಾರ್ಜುನ ತೀರಿಕೊಂಡಾಗ ಆ ಪದವಿ ಸಂದದ್ದು ಅವನ ಹೆಂಡತಿ ಜಕ್ಕಿಯಬ್ಬೆಗೆ.

“ಅನುಕಂಪದ ಆಧಾರದ ನೌಕರಿಯೋ?” ಎಂದೆ.

“ಆದರೇನು, ಕಡತ ಬಾಕಿ ಇಟ್ಟವಳಲ್ಲ” ಎಂದರು ಮೇಷ್ಟ್ರು. ಹೆಣ್ಣಾಗಿದ್ದರೂ ತನ್ನ ಪರಾಕ್ರಮದಿಂದ ನಾಡನ್ನು ಕಾಪಾಡಿದಳೆಂದು ಶಾಸನವೇ ಅವಳನ್ನು ಹೊಗಳುತ್ತದೆ. ಸಾವಿರ ವರ್ಷಗಳ ಹಿಂದೆಯೂ ಆ ‘ಹೆಣ್ಣಾಗಿದ್ದರೂ’ ಎಂಬ ಬಾಲವಿಲ್ಲದೆ ಹೊಗಳಿಕೆ ಹೊರಡುತ್ತಿರಲಿಲ್ಲವೆಂಬುದನ್ನು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ರೋಗ ಬಲಿತಾಗ ಅಧಿಕಾರವನ್ನು ಮಗಳಿಗೊಪ್ಪಿಸಿ, ಇಂದಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಅವಳು ಅನ್ನಾಹಾರ ತೊರೆದು ಸಾವನ್ನು ಬರಮಾಡಿಕೊಳ್ಳುವ ಜೈನರ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು.

ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಕವಿ ರನ್ನನ ಇಬ್ಬರು ಹೆಂಡತಿಯರ ಹೆಸರು ಜಕ್ಕಿ, ಶಾಂತಿ ಎಂದು ಮೇಷ್ಟ್ರು ಮತ್ತೆ ಶುರುಮಾಡಿದಾಗ ಧಾರವಾಡದವನಿಗೆ ತಡೆಯಲಾಗಲಿಲ್ಲ: “ಒಂದೇ ಮನೆಯ ಸವತಿಯರಲ್ಲಿ ಶಾಂತಿ ಇವತ್ತಿಗೂ ಓಣಿಗೊಬ್ಬಳಿದ್ದಾಳೆ, ಜಕ್ಕಿಯೊಬ್ಬಳೇ ನಾಪತ್ತೆ. ಜಗಳದಲ್ಲಿ ಗೆದ್ದವಳು ಶಾಂತಿಯೇ ಇರಬೇಕು!”

ರಾಯರು ಸೊಸೆಗೆ ಫೋನು ಮಾಡಿದರು. ಹುಣಸೆಮರವನ್ನು ಜಾಣತನದಿಂದ ನುಂಗಿ, ಯಕ್ಷರೆಂದರೆ ಸಾಕ್ಷಾತ್ ಕುಬೇರನ ಕಡೆಯವರಮ್ಮ ಎಂದು ಧನದ ದಾರಿ ಹಿಡಿದರು. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಬಂದ ಪ್ರಶ್ನೆಯನ್ನು ರಾಯರು ಫೋನಿಗೆ ಕೈ ಅಡ್ಡ ಹಿಡಿದು ನಮಗೆ ದಾಟಿಸಿದರು:

“ಇಂಗ್ಲಿಷಿನಲ್ಲಿ ಬರೆಯುವಾಗ ‘ಕೆ’ ಒಂದೋ, ಎರಡೋ?”

ಮೇಷ್ಟ್ರು ಚುರುಮುರಿಯ ಎಣ್ಣೆ ಹತ್ತಿದ ಎರಡು ಬೆರಳು ಎತ್ತಿ ತೋರಿಸಿದರು.