ಪದಚರ್ಚೆ: ‘ಒತ್ತಡವ್ರಣ’, ‘ವೆಚ್ಚ-ಪರಿಣಾಮಕಾರಿತ್ವ’ – ಸರಿಯಾದ ಪದಗಳು ಬೇಕಾಗಿವೆ

ಪ್ರಶ್ನೆ:

ಮಾನ್ಯರೇ, ತೀವ್ರ ನಿಗಾ ಘಟಕದಲ್ಲಿ ಮಲಗಿದಲ್ಲೇ ಇರುವ ರೋಗಿಗಳಿಗೆ ಮೈ ಒತ್ತಿ ಹುಣ್ಣಾಗದಂತೆ ತಡೆಯಲು ಮಾಡುವ ಖರ್ಚು ಎಷ್ಟರಮಟ್ಟಿಗೆ ಸಾರ್ಥಕ ಎಂಬುದನ್ನು ಕುರಿತ ಕಿರುಹೊತ್ತಗೆಯೊಂದನ್ನು ಶುಶ್ರೂಷಕರಿಗಾಗಿ ಅನುವಾದಿಸುತ್ತಿದ್ದೇನೆ. ಕರಡಿನಲ್ಲಿ ‘ಒತ್ತಡವ್ರಣ’, ‘ವೆಚ್ಚ-ಪರಿಣಾಮಕಾರಿತ್ವ’ ಎಂದು ಬರೆದಿದ್ದೇನೆ. ಎರಡೂ ನನಗೇ ಒಪ್ಪಿಗೆಯಾಗಿಲ್ಲ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕಾಗಿದೆ.

ಉತ್ತರ:

‘ಒತ್ತಡವ್ರಣ’ ಅರಿಸಮಾಸ, ಎಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ದೋಷ; ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ. ‘ಶಯ್ಯಾವ್ರಣ’ ಎಂದು ಬರೆಯಿರಿ. ‘ವೆಚ್ಚ’ವು ಸಂಸ್ಕೃತದ ‘ವ್ಯಯ’ ಕನ್ನಡದಲ್ಲಿ ರೂಪ ಬದಲಿಸಿದ ತದ್ಭವವಾದ್ದರಿಂದ ಎರಡನೆಯ ಪದಕ್ಕೂ ಅದೇ ದೋಷ ತಗಲುತ್ತದೆ, ನಡುವೆ ಗೆರೆ ಎಳೆದ ಮಾತ್ರಕ್ಕೆ ಸಮಾಸ ಶುದ್ಧವಾಗುವುದಿಲ್ಲ. ‘ಮಿತವ್ಯಯ’ ಎಂಬ ಸಿದ್ಧ ಪದವಿರುವಾಗ ಇಂಗ್ಲಿಷಿನ ನೆರಳಿನಲ್ಲಿ ಹೊಸದನ್ನು ಹೊಸೆಯುವುದೇಕೆ?

ಮತ್ತೊಬ್ಬರ ಮರು ಉತ್ತರ:

ಅರಿಸಮಾಸದ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ತಾವು ಸೂಚಿಸಿದ ಎರಡು ಪದಗಳೂ ವಿಷಯವನ್ನೇ ತಪ್ಪಿಸುತ್ತವೆ.

ಇಲ್ಲಿ ಶಯ್ಯೆ ಕಾರಣವಲ್ಲ. ಒಳಗಿನ ಮೂಳೆಗೂ ಹೊರಗಿನ ಆಸರೆಗೂ ನಡುವೆ ಚರ್ಮವೂ ಅದರಡಿಯ ಅಂಗಾಂಶವೂ ಬಹಳ ಹೊತ್ತು ಅದುಮಿಹೋಗಿ ರಕ್ತಸಂಚಾರ ಕುಗ್ಗುವುದು ಮುಖ್ಯ ಕಾರಣ. ಕೃತಕ ಉಸಿರಾಟದ ಕೊಳವೆ ತುಟಿಯಂಚನ್ನು ಒತ್ತಿಕೊಂಡಿದ್ದರೂ ಇದೇ ಆಗುತ್ತದೆ, ಅಲ್ಲಿ ಹಾಸಿಗೆಯ ಪಾತ್ರವೇ ಇಲ್ಲ. ‘ವ್ರಣ’ ಎಂದರೂ ‘ಹುಣ್ಣು’ ಎಂದರೂ ಓದುವವರು ಚರ್ಮ ಒಡೆದಿದೆಯೆಂದು ತಿಳಿಯುತ್ತಾರೆ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪಷ್ಟೇ ಇರುತ್ತದೆ, ಮೈಬಣ್ಣ ಕಪ್ಪಾಗಿದ್ದರೆ ಅದೂ ಸುಲಭವಾಗಿ ಕಾಣದು. ಅಮೆರಿಕದಲ್ಲಿ ಇದಕ್ಕೆಂದೇ ಇರುವ ರಾಷ್ಟ್ರೀಯ ಸಲಹಾ ಮಂಡಳಿ 2016ರಲ್ಲಿ ಹುಣ್ಣು ಎಂಬರ್ಥದ ಪದವನ್ನು ಬಿಟ್ಟು ಗಾಯ ಎಂಬರ್ಥದ ಪದವನ್ನು ಹಿಡಿದದ್ದಕ್ಕೂ ಚರ್ಮ ಒಡೆಯದ ಈ ಹಂತಗಳೇ ಕಾರಣ. ತಡೆಯ ಖರ್ಚು ಫಲ ಕೊಡುವುದೂ ಚರ್ಮ ಒಡೆಯುವ ಮೊದಲೇ ಅಲ್ಲವೇ? ಆದ್ದರಿಂದ ‘ಒತ್ತುಗಾಯ’ ಎನ್ನಿ.

‘ಮಿತವ್ಯಯ’ ಇನ್ನೂ ಕೆಟ್ಟ ಆಯ್ಕೆ. ಇಲ್ಲಿ ಮಾಡುವುದು ಉಳಿತಾಯದ ಲೆಕ್ಕವಲ್ಲ. ಒಂದು ಕ್ರಮವನ್ನು ಇನ್ನೊಂದರೊಡನೆ ಹೋಲಿಸಿ, ಹೆಚ್ಚಿಗೆ ಸುರಿದ ಹಣಕ್ಕೆ ಎಷ್ಟು ಗಾಯಗಳು ಹೆಚ್ಚಿಗೆ ತಪ್ಪಿದವು ಎಂದು ಅಳೆಯುವುದು. ಫಲವನ್ನೂ ಹಣಕ್ಕೆ ಇಳಿಸಿದರೆ ಅದು ವೆಚ್ಚ ಮತ್ತು ಲಾಭದ ವಿಶ್ಲೇಷಣೆ, ಬೇರೆಯೇ ಸಂಗತಿ. ಒತ್ತಡವನ್ನು ಹಂಚುವ ಹಾಸಿಗೆ, ಆಗಾಗ ಚರ್ಮ ನೋಡಿ ಮಗ್ಗುಲು ಬದಲಿಸುವ ಶುಶ್ರೂಷಕರ ಸಮಯ, ಇವೆಲ್ಲ ಒಟ್ಟು ಖರ್ಚನ್ನು ಏರಿಸಿಯೂ ಸಾರ್ಥಕವಾಗಬಹುದು. ‘ಮಿತವ್ಯಯ’ ಎಂದು ಓದಿದ ಆಡಳಿತದವರು ಮೊದಲು ನಿಲ್ಲಿಸುವುದು ಆ ಹಾಸಿಗೆಯ ಖರೀದಿಯನ್ನೇ. ‘ವೆಚ್ಚಕ್ಕೆ ತಕ್ಕ ಫಲ’ ಎಂದು ಬಿಡಿಸಿ ಬರೆದರೆ ಸಮಾಸವೇ ಇರುವುದಿಲ್ಲ, ದೋಷವೂ ಇರುವುದಿಲ್ಲ.

ಮತ್ತೊಂದು ಮಾತು: ವಾರ್ಡಿನಲ್ಲಿ ದುಡಿಯುವವರೆಲ್ಲ ತೀವ್ರ ನಿಗಾ ಘಟಕವನ್ನು ‘ಐಸಿಯು’ ಎಂದೇ ಹೇಳುವಾಗ ಅದನ್ನು ಪರಭಾಷೆಯದೆಂದು ದೂರವಿಡಬೇಡಿ.

ಉತ್ತರ:

‘ಐಸಿಯು’ವನ್ನು ನಾನು ಒಪ್ಪುವುದಿಲ್ಲ. ‘ಒತ್ತುಗಾಯ’ದಲ್ಲಿ ವ್ಯಾಕರಣದೋಷವಿಲ್ಲ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ವಂದನೆಗಳು. ಶೀರ್ಷಿಕೆಯನ್ನು ಹೀಗೆ ತಿದ್ದಿ ಕಳುಹಿಸುತ್ತಿದ್ದೇನೆ: ‘ಐಸಿಯುವಿನಲ್ಲಿ ಒತ್ತುಗಾಯ ತಡೆ: ವೆಚ್ಚಕ್ಕೆ ತಕ್ಕ ಫಲವಿದೆಯೇ?’